ಒಟ್ಟಿಗೆ ಮಗುಚಿದ ಎರಡು ಹಾಳೆ

ಕರಿಗಲ್ಲು ಎಂಬ ಊರಿನ ಹೊರಗೆ, ಕೆರೆಯ ಪಕ್ಕದ ಪಂಪ್‌ಹೌಸ್ ಕ್ವಾರ್ಟರ್ಸ್‌ನಲ್ಲಿ, ವಿಶಾಲು ಎಂಬ ತಾಯಿ ತನ್ನ ಮಗಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದಳು. ಗಂಡ ನಾಗಭೂಷಣ ಊರಿಗೆ ನೀರು ಬಿಡುವ ಪಂಪು ನೋಡಿಕೊಳ್ಳುತ್ತಿದ್ದ. ಮಗಳು ಪ್ರಣತಿಗೆ ಹತ್ತು ವರ್ಷ. ಮನೆಯಲ್ಲಿ ಇನ್ನೊಬ್ಬರೆಂದರೆ ನಾಗಭೂಷಣನ ತಾಯಿ ತುಂಗಮ್ಮ.

ಪ್ರಣತಿ ಮೊದಲು ಎಲ್ಲರಂತೆ ಶಾಲೆಗೇ ಹೋಗುತ್ತಿದ್ದಳು. ಅಲ್ಲಿ ಚರಿತ್ರೆ ಎಂದರೆ ಒಂದು ಇಸವಿ, ಒಂದು ಯುದ್ಧ, ಮತ್ತೊಂದು ಇಸವಿ, ಮತ್ತೊಂದು ಯುದ್ಧ. ಹುಡುಗಿ ರಾಜರ ಹೆಸರನ್ನು ಮಗ್ಗಿಯಂತೆ ಒಪ್ಪಿಸಿ ಮಾರನೆಯ ದಿನ ಮರೆಯುತ್ತಿದ್ದಳು. ಪರೀಕ್ಷೆಯ ದಿನ ಬೆಳಗ್ಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ಶಾಲೆಯೂ ದೂರ, ಬಸ್ಸೂ ಸರಿಯಿಲ್ಲ. ಕೊನೆಗೆ ವಿಶಾಲು, "ಸಾಕು ಬಿಡು, ಮನೇಲೇ ಕಲಿಯೋಣ" ಎಂದಳು. ಈಗಿನವರು ಇದಕ್ಕೆ ಹೋಮ್‌ಸ್ಕೂಲಿಂಗ್ ಎಂದು ದೊಡ್ಡ ಹೆಸರು ಇಟ್ಟಿದ್ದಾರೆ. ವಿಶಾಲು ಪಾಠ ಎಂದಷ್ಟೇ ಕರೆಯುತ್ತಿದ್ದಳು.

ಅವಳು ಚರಿತ್ರೆ ಕಲಿಸುವ ರೀತಿ ಬಹಳ ಸುಲಭವಾಗಿತ್ತು. ಮಧ್ಯಾಹ್ನ ಊಟವಾಗಿ, ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ, ನಡುಮನೆಯಲ್ಲಿ ಚಾಪೆ ಹಾಸುವುದು. ತಾಯಿ ಒಂದು ಅಧ್ಯಾಯ ಗಟ್ಟಿಯಾಗಿ ಓದುವುದು. ಮಗಳು ಕೇಳಿದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವುದು. ಅಷ್ಟೇ. ಪ್ರಶ್ನೆಪತ್ರಿಕೆ ಇಲ್ಲ, ಅಂಕ ಇಲ್ಲ, ಬಿಟ್ಟ ಸ್ಥಳ ತುಂಬುವುದಿಲ್ಲ. ಒಂದೇ ಒಂದು ನಿಯಮವಿತ್ತು: "ಕೇಳಿದ್ದನ್ನ ಬಿಡದೆ ಹೇಳ್ಬೇಕು ಪುಟ್ಟಿ. ಸೇರಿಸ್ಬಾರ್ದು, ಬಿಡ್ಬಾರ್ದು." ತುಂಗಮ್ಮನವರು ಗೋಡೆಗೆ ಒರಗಿ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ತಾವೂ ಕೇಳುವರು.

ಹೊಟ್ಟೆನೋವು ಹೋಯಿತು. ಪ್ರಣತಿಯ ಬಾಯಲ್ಲಿ ಸತ್ತವರೆಲ್ಲ ಎದ್ದು ಓಡಾಡತೊಡಗಿದರು. ಯಾವ ರಾಣಿ ಯಾವ ಬಾವಿ ತೋಡಿಸಿದಳು, ಯಾವ ಕೋಟೆಯ ಕಲ್ಲು ಎಲ್ಲಿಂದ ಬಂತು, ಎಲ್ಲವನ್ನೂ ಪಕ್ಕದ ಮನೆಯ ಸುದ್ದಿಯಂತೆ ಹೇಳುತ್ತಿದ್ದಳು. ಇಷ್ಟು ಒಳ್ಳೆಯ ದಾರಿ ಹಿಡಿದಿದ್ದ ವಿಶಾಲು ಆ ದಾರಿಯಲ್ಲೇ ಎಡವಿದ್ದು ಹೇಗೆ ಎನ್ನುವುದೇ ಈ ಕಥೆ. ಕೇಳಿ.

ಅವರು ಓದುತ್ತಿದ್ದದ್ದು ಕರಿಗಲ್ಲಿನ ಪಾಳೆಯಗಾರರ ಚರಿತ್ರೆ. ಊರಿನ ಹಿರಿಯರೊಬ್ಬರು ಹಿಂದೆ ಬರೆದು ಅಚ್ಚು ಹಾಕಿಸಿದ್ದ ದಪ್ಪ ಪುಸ್ತಕ. ಅದರ ನಾಯಕ ಹಾಲಪ್ಪ ನಾಯಕ. ಕೆರೆ ಕಟ್ಟಿಸಿದವನು, ಕೋಟೆ ಗೆದ್ದವನು. ಬಸ್‌ಸ್ಟ್ಯಾಂಡಿನಲ್ಲಿ ಅವನ ಪ್ರತಿಮೆ ಇದೆ. ಪ್ರಣತಿಗೆ ಅವನೆಂದರೆ ಪ್ರಾಣ. ತೊಗರಿ ಕಡ್ಡಿ ಹಿಡಿದು ಪಂಪ್‌ಹೌಸಿನ ಸುತ್ತ ಅವನಂತೆಯೇ ಕುದುರೆ ಓಡಿಸುತ್ತಿದ್ದಳು.

ಒಂದು ದಿನ ಓದುತ್ತ ಓದುತ್ತ ವಿಶಾಲುವಿನ ಕಣ್ಣು ಮುಂದಿನ ಪುಟಕ್ಕೆ ಓಡಿತು. ಅಲ್ಲಿ ಹಾಲಪ್ಪ ನಾಯಕ ಮಾಡಿದ್ದ ಒಂದು ಕೆಲಸದ ಮಾತಿತ್ತು. ಓದಿದರೆ ಬಾಯಿ ಕಹಿಯಾಗುವಂಥದ್ದು. ಅವಳು ಮಗಳ ಮುಖ ನೋಡಿದಳು. ಹುಡುಗಿ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. 'ಇದ್ಯಾಕೆ ಈ ಮಗುವಿಗೆ? ಅಭಿಮಾನ ಉಳಿಯಲಿ' ಎಂದುಕೊಂಡ ವಿಶಾಲು ಬೆರಳಿಗೆ ಎಂಜಲು ಹಚ್ಚಿ ಎರಡು ಹಾಳೆಗಳನ್ನು ಒಟ್ಟಿಗೆ ಮಗುಚಿದಳು. ಆಮೇಲೆ ಏನೂ ಆಗದವಳಂತೆ ಮುಂದಿನ ಅಧ್ಯಾಯ ಓದಿದಳು. ಅದರಲ್ಲಿ ನಾಯಕ ದೊಡ್ಡ ದಂಡು ಕಟ್ಟಿಕೊಂಡು ಬಂದು ತನ್ನ ಕೋಟೆಯನ್ನು ಮರಳಿ ಗೆಲ್ಲುತ್ತಾನೆ. ಅದನ್ನು ಕಳೆದುಕೊಂಡದ್ದು ಯಾವಾಗ ಎಂದು ಮಗಳು ಕೇಳಲಿಲ್ಲ. ಪಕ್ಕದಲ್ಲೇ ಕೂತಿದ್ದವಳು ಪುಟದ ಅಂಕಿ ಹಾರಿದ್ದನ್ನು ಮಾತ್ರ ನೋಡಿದಳು.

ಹಾಳೆ ಮಗುಚಿದ ಸದ್ದು ಎಷ್ಟು ಸಣ್ಣದು ಮಕ್ಕಳೇ! ವಿಶಾಲು ಅದನ್ನು ಅವತ್ತೇ ಮರೆತಳು.

ಈಗ ಉಪ್ಪಿನಕಾಯಿಯ ವಿಷಯಕ್ಕೆ ಬರೋಣ. ಯುಗಾದಿ ಕಳೆದು ಮಾವಿನಕಾಯಿ ಬಲಿಯುವ ಹೊತ್ತಿಗೆ ಆ ಮನೆಯ ಯಜಮಾನಿಕೆ ತುಂಗಮ್ಮನವರ ಕೈಗೆ ಹೋಗುತ್ತಿತ್ತು. ಕಾಯಿ ಆರಿಸುವವರು ಅವರೇ, ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಹರಡುವವರು ಅವರೇ, ಮೆಂತ್ಯ ಸಾಸಿವೆ ಹುರಿಯುವವರೂ ಅವರೇ. ಭರಣಿಗೆ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದರೆಂದರೆ ಅದನ್ನು ಬಿಚ್ಚುವ ಹಕ್ಕು ಬೇರೆ ಯಾರಿಗೂ ಇಲ್ಲ. "ಭರಣಿಗೆ ಒದ್ದೆ ಕೈ ಹೋದ್ರೆ ವರ್ಷದ ಅನ್ನಕ್ಕೆ ಮಣ್ಣು ಬಿದ್ದಂಗೆ" ಎನ್ನುವರು. ತೆಗೆಯುವ ಮುಂಚೆ ಕೈಯನ್ನು ಸೆರಗಿಗೆ ಒರೆಸಿ, ಬಿಸಿಲಿಗೆ ಹಿಡಿದು, ಮತ್ತೆ ಒರೆಸುವರು. ವಯಸ್ಸಾದ ಅವರ ಕೈ ಸ್ವಲ್ಪ ನಡುಗುತ್ತಿತ್ತು. ಆಗೀಗ ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವರು. ಆದರೆ ಭರಣಿಯ ಮುಂದೆ ನಿಂತರೆ ಮಾತ್ರ ಅವರಷ್ಟು ಎಚ್ಚರದವರು ಇನ್ನೊಬ್ಬರಿರಲಿಲ್ಲ.

ಆ ವರ್ಷದ ಬೇಸಗೆಯ ಒಂದು ಮಧ್ಯಾಹ್ನ ಅಜ್ಜಿಗೆ ಜೊಂಪು ಹತ್ತಿತ್ತು. ವಿಶಾಲು ಹಿತ್ತಲಲ್ಲಿದ್ದಳು. ಪೈಪಿನ ನೀರಿನಲ್ಲಿ ಆಡಿ ಬಂದ ಪ್ರಣತಿ ಅಡುಗೆಮನೆಗೆ ನುಗ್ಗಿದಳು. ಹೊಸ ಉಪ್ಪಿನಕಾಯಿಯ ಘಮ ಬಾಯಲ್ಲಿ ನೀರೂರಿಸಿತು. ಭರಣಿಯ ಬಟ್ಟೆ ಸರಿಸಿದಳು, ತೊಟ್ಟಿಕ್ಕುವ ಕೈಯನ್ನು ಹಾಗೇ ಒಳಗೆ ಹಾಕಿದಳು, ಒಂದು ಹೋಳು ತೆಗೆದು ಬಾಯಿಗೆ ಹಾಕಿಕೊಂಡಳು, ಬಟ್ಟೆಯನ್ನು ಮೊದಲಿನಂತೆ ಕಟ್ಟಿದಳು. ಹೋಳು ಬಹಳ ರುಚಿಯಾಗಿತ್ತು.

ಕೆಲವು ದಿನದ ಮೇಲೆ ತುಂಗಮ್ಮನವರು ಭರಣಿ ಬಿಚ್ಚಿ "ಅಯ್ಯೋ ಶಿವನೇ" ಎಂದು ಕುಸಿದು ಕೂತರು. ಉಪ್ಪಿನಕಾಯಿಯ ಮೇಲೆ ಬಿಳಿಯ ಬೂಷ್ಟು ದಪ್ಪಗೆ ಹಿಡಿದಿತ್ತು. ಮೇಲಿನದ್ದು ತೆಗೆದರೆ ಒಳಗೂ ವಾಸನೆ. ಭರಣಿಗೆ ಭರಣಿಯೇ ಹೋಗಿತ್ತು.

ವಿಶಾಲು ಮಗಳನ್ನು ಕರೆದಳು. ಬೈಯಲಿಲ್ಲ. ತನ್ನ ಪಾಠದ ರೀತಿಯಲ್ಲೇ ಕೇಳಿದಳು.

"ಪುಟ್ಟಿ, ಹೋದ ಸಲ ಅಜ್ಜಿ ಭರಣಿ ತೆಗೆದಾಗ ನೀನು ಇಲ್ಲೇ ಇದ್ಯಲ್ಲ? ಏನೇನಾಯ್ತು ಹೇಳು."

ಪ್ರಣತಿ ಕೈಕಟ್ಟಿ ನಿಂತು ಹೇಳಿದಳು: "ಅಜ್ಜಿ ಮಲಗಿ ಎದ್ರು. ಬಚ್ಚಲಿಗೆ ಹೋಗಿ ಮುಖ ತೊಳ್ಕೊಂಡ್ರು. ಸೆರಗಲ್ಲಿ ಕೈ ಒರೆಸ್ಕೊಂಡ್ರು. ಆಮೇಲೆ ಭರಣಿ ಬಟ್ಟೆ ಬಿಚ್ಚಿ ಸೌಟಲ್ಲಿ ತೆಗೆದು ಅಪ್ಪನ ಡಬ್ಬಿಗೆ ಹಾಕಿದ್ರು. ಅಜ್ಜಿ ಕೈ ನಡುಗ್ತಿತ್ತು."

ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಅಜ್ಜಿ ಏಳುವುದಕ್ಕೆ ಮುಂಚಿನದ್ದನ್ನು ಮಾತ್ರ ಅವಳು ಬಿಟ್ಟಳು.

ವಿಶಾಲು ನಾಗಭೂಷಣನ ಮುಖ ನೋಡಿದಳು. ನಾಗಭೂಷಣ ತಾಯಿಯ ಕೈ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇದೆ. ಇಲ್ಲಿ ಕದ್ದವಳು ಸುಮ್ಮನೆ ನಿಂತಿದ್ದಳು, ಕದಿಯದವರು ಹೆಗಲು ಮುಟ್ಟಿ ನೋಡಿಕೊಂಡರು.

"ಚೆನ್ನಾಗಿ ಒರೆಸಿದ್ದೆ ಅಂತಿದ್ದೆ ಕಣಮ್ಮ," ಎಂದರು ತುಂಗಮ್ಮ. "ಒರೆಸಿರ್ಲಿಲ್ವೋ ಏನೋ. ಈಚೆಗೆ ನನಗೆ ಮರೆವು."

"ಹೋಗ್ಲಿ ಬಿಡಿ ಅತ್ತೆ," ಎಂದಳು ವಿಶಾಲು. "ಇನ್ಮೇಲೆ ಭರಣಿ ಕೆಲಸ ನಾನು ನೋಡ್ಕೊಳ್ತೀನಿ. ನಿಮಗ್ಯಾಕೆ ತೊಂದರೆ?"

ಎಷ್ಟು ನಯವಾದ ಮಾತು! ಬೈದಿದ್ದರೆ ತುಂಗಮ್ಮನವರು ಎದುರು ಮಾತನಾಡಬಹುದಿತ್ತು. ನಯವಾದ ಮಾತಿಗೆ ಏನು ಹೇಳುವುದು? ತೊಳೆದ ಖಾಲಿ ಭರಣಿ ಅಟ್ಟ ಸೇರಿತು.

ಅಲ್ಲಿಂದ ಒಂದೊಂದಾಗಿ ಎಲ್ಲವೂ ಅವರ ಕೈ ಬಿಟ್ಟಿತು. ಯಾರೂ ಕಿತ್ತುಕೊಳ್ಳಲಿಲ್ಲ, ಅವರೇ ಬಿಟ್ಟರು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಒಲೆಯ ಹತ್ತಿರ ಹೋಗುವುದನ್ನು ಬಿಟ್ಟರು. ದೇವರ ದೀಪ ಹಚ್ಚಿ ಬಂದು, ಹಚ್ಚಿದೆನೇ ಎಂದು ಮೊಮ್ಮಗಳನ್ನು ಕೇಳುವರು. ಕೊನೆಗೆ ಅದನ್ನೂ ಸೊಸೆಗೆ ಒಪ್ಪಿಸಿದರು. ಊಟವಾದ ಮೇಲೆ ಮಾತ್ರೆ ನುಂಗಿ, "ನುಂಗಿದ್ನಾ?" ಎನ್ನುವರು. ಮಧ್ಯಾಹ್ನ ಪಾಠದ ಹೊತ್ತಿಗೆ ಗೋಡೆಗೆ ಒರಗಿ ಕೂರುವರು, ಆದರೆ ಬತ್ತಿ ಹೊಸೆಯುವುದಿಲ್ಲ. ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು, ಅವು ಬೇರೆ ಯಾರದ್ದೋ ಎನ್ನುವಂತೆ ನೋಡುತ್ತಿರುವರು.

ಪ್ರಣತಿ ಇದನ್ನೆಲ್ಲ ನೋಡುತ್ತಿದ್ದಳು. ತಾಟಿನಲ್ಲಿ ಅನ್ನ ಉಳಿಸುವಳು. ಹೇಳಿಬಿಡಬೇಕು ಎಂದು ಬಾಯಿಯವರೆಗೆ ಬರುವುದು, ಮತ್ತೆ ಒಳಗೆ ಹೋಗುವುದು. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಮೊದಲಾದರೆ ಒಂದು ಹೋಳಿನ ಮಾತು, ಈಗ ಅಜ್ಜಿಯ ಮಾತಾಗಿತ್ತು.

ಒಂದು ಸಂಜೆ ತುಂಗಮ್ಮನವರೇ ಮಗನನ್ನು ಕರೆದು ಹೇಳಿದರು: "ನಾಗು, ನನ್ನ ತಿಪಟೂರಿಗೆ ಗಿರಿಜಾ ಮನೆಗೆ ಬಿಟ್ಬಿಡಪ್ಪ. ಅಲ್ಲಿ ನನಗೆ ಒಂದು ಕಡ್ಡಿ ಎತ್ತಿಡೋ ಕೆಲಸ ಇಲ್ಲ. ಇಲ್ಲಿದ್ರೆ ನಾನು ಏನಾದ್ರೂ ಒಂದು ಹಾಳು ಮಾಡ್ತೀನಿ. ನನ್ನ ತಲೆ ಮೇಲೆ ನನಗೇ ನಂಬಿಕೆ ಇಲ್ಲ."

ಗಿರಿಜಾ ನಾಗಭೂಷಣನ ಅಕ್ಕ. ಅವನು ಬೇಡ ಬೇಡ ಎಂದ. ಅವರು ಕೇಳಲಿಲ್ಲ. ಭಾನುವಾರ ಕಳೆದು ಸೋಮವಾರ ಹೊರಡುವುದೆಂದಾಯಿತು.

ಆ ಭಾನುವಾರವೇ ವಿಶಾಲುವಿನ ಮನೆಗೆ ನೆಂಟರಲ್ಲದ ನೆಂಟರು ಬರುವವರಿದ್ದರು. ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಎರಡು ಮೂರು ಕುಟುಂಬಗಳು ಸುತ್ತಮುತ್ತ ಇದ್ದವು. ಅವರ ಮನೆಗಳಲ್ಲಿ ಚರಿತ್ರೆಗೆಂದು ಬಣ್ಣದ ಚಾರ್ಟು, ವಿಡಿಯೋ, ಕಾರ್ಡಿನ ಆಟ, ಏನೇನೋ ಇದ್ದವು, ಮಕ್ಕಳಿಗೆ ಮಾತ್ರ ಏನೂ ನೆನಪಿರುತ್ತಿರಲಿಲ್ಲ. ಬರೀ ಓದಿ ಹೇಳಿಸಿಯೇ ಪ್ರಣತಿ ಅಷ್ಟು ಕಲಿತದ್ದು ಹೇಗೆ ಎಂದು ನೋಡಲು ಅವರು ಬರುತ್ತಿದ್ದರು. ವಿಶಾಲು ಬೆಳಗಿನಿಂದ ನೆಲದ ಮೇಲೆ ಕಾಲು ನಿಲ್ಲದವಳಂತೆ ಓಡಾಡಿದಳು. ಚಿತ್ರಾನ್ನ ಕಲಸಿದಳು, ಪಾಯಸ ಮಾಡಿದಳು. ಹೊಗಳಿಕೆ ಬರುವ ಮುಂಚೆಯೇ ಅವಳ ಮುಖ ಉಬ್ಬಿತ್ತು. ಒಳಗಿನ ಕೋಣೆಯಲ್ಲಿ ಅತ್ತೆಯ ಚೀಲ ತುಂಬಿ ನಿಂತಿತ್ತು. ಅದರ ಕಡೆ ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ.

ಬಂದವರಲ್ಲಿ ಅನಸೂಯ ಎಂಬಾಕೆ ಮಾತುಗಾತಿ. "ಏನ್ರೀ ವಿಶಾಲು, ನಿಮ್ಮ ಗುಟ್ಟೇನು ಹೇಳಿ" ಎಂದಳು.

"ಗುಟ್ಟೇನಿಲ್ಲ ಕಣ್ರೀ. ನಾನು ಓದ್ತೀನಿ, ಅವಳು ಹೇಳ್ತಾಳೆ. ಬಿಡದೆ ಹೇಳ್ಬೇಕು ಅನ್ನೋದೊಂದೇ ನಿಯಮ."

ಚಾಪೆ ಹಾಸಿದರು. ವಿಶಾಲು ಹಾಲಪ್ಪ ನಾಯಕ ಕೋಟೆ ಗೆದ್ದ ಅಧ್ಯಾಯವನ್ನೇ ಆರಿಸಿ ಓದಿದಳು. ಪ್ರಣತಿ ಎದ್ದು ನಿಂತು ತಿರುಗಿ ಹೇಳಿದಳು. ಕುದುರೆಯ ಖುರದ ಧೂಳು, ನಗಾರಿಯ ಸದ್ದು, ಕೋಟೆಯ ಮೇಲೆ ನಿಂತ ಹೆಂಗಸರು, ಒಂದೂ ಬಿಡಲಿಲ್ಲ. ಬಂದವರು ಚಪ್ಪಾಳೆ ತಟ್ಟಿದರು.

"ಪುಸ್ತಕದ್ದು ಸರಿ," ಎಂದಳು ಅನಸೂಯ. "ಕಣ್ಣಾರೆ ಕಂಡಿದ್ದನ್ನೂ ಹಿಂಗೇ ಹೇಳ್ತಾಳಾ?"

"ಯಾಕಿಲ್ಲ?" ವಿಶಾಲುವಿಗೆ ಹುರುಪು ಏರಿತ್ತು. "ಪುಟ್ಟಿ, ನಮ್ಮನೇದು ಈ ವರ್ಷದ ಚರಿತ್ರೆ ಹೇಳು. ಯುಗಾದಿಯಿಂದ ಶುರು ಮಾಡು."

ಪ್ರಣತಿ ಶುರು ಮಾಡಿದಳು. ಯುಗಾದಿಗೆ ಒಬ್ಬಟ್ಟು ಮಾಡಿದ್ದು, ಪಂಪಿನ ಮೋಟಾರು ಸುಟ್ಟು ಅಪ್ಪ ಊಟಕ್ಕೂ ಬಾರದೆ ರಿಪೇರಿ ಮಾಡಿಸಿದ್ದು, ಬೆಕ್ಕು ಅಟ್ಟದಲ್ಲಿ ಮರಿ ಹಾಕಿದ್ದು. ಎಲ್ಲರೂ ನಗುತ್ತ ಕೇಳುತ್ತಿದ್ದರು. "ಆಮೇಲೆ ಅಜ್ಜಿ ಉಪ್ಪಿನಕಾಯಿ ಹಾಕಿದ್ರು. ಅದು ಕೆಟ್ಟುಹೋಯ್ತು. ಆಮೇಲೆ ಮಳೆ ಬಂತು..."

"ಅಯ್ಯೋ, ಅದ್ಯಾಕೆ ಕೆಡ್ತು?" ಅನಸೂಯ ಕೇಳಿದಳು. ಉಪ್ಪಿನಕಾಯಿ ಕೆಟ್ಟಿತೆಂದರೆ ಯಾವ ಹೆಂಗಸು ಕೇಳದೆ ಇರುತ್ತಾಳೆ?

ಪ್ರಣತಿಯ ಮಾತು ನಿಂತಿತು. ಮೊಮ್ಮಗಳು ತನ್ನ ಮಾನ ಉಳಿಸಲು ತಡವರಿಸುತ್ತಿದ್ದಾಳೆ ಎಂದು ತುಂಗಮ್ಮನವರು ತಿಳಿದುಕೊಂಡರು. ಮೂಲೆಯಿಂದ ತಾವೇ ಹೇಳಿದರು:

"ಹೇಳು ಪುಟ್ಟಿ, ನಾಚಿಕೆ ಏನ್ ಬಂತು? ಅಜ್ಜಿ ಒದ್ದೆ ಕೈ ಹಾಕಿದ್ಲು ಅನ್ನು. ಮುಖ ತೊಳ್ಕೊಂಡು ಬಂದೆ ಕಣಮ್ಮ, ಕೈಯಿಂದ ನೀರು ತೊಟ್ಟಿಕ್ತಿತ್ತು. ಒರೆಸ್ಕೊಳ್ಳೋದು ಮರೆತೆ. ಹಂಗೇ ಭರಣಿಗೆ ಹಾಕಿದೆ. ಮೊದಮೊದಲು ನೆನಪಿರ್ಲಿಲ್ಲ, ಈಗ ಚೆನ್ನಾಗಿ ನೆನಪಾಗಿದೆ. ನೀರು ಉಪ್ಪಿನಕಾಯಿ ಮೇಲೆ ಬಿದ್ದದ್ದು ಕಣ್ಣಿಗೆ ಕಟ್ಟಿದಂಗಿದೆ."

ತಪ್ಪು ಅಜ್ಜಿಯ ಮೇಲೆ ಬಿದ್ದದ್ದನ್ನು ಪ್ರಣತಿ ತಡೆದುಕೊಂಡಿದ್ದಳು. ಅಜ್ಜಿ ಊರು ಬಿಡುತ್ತೇನೆ ಎಂದದ್ದನ್ನೂ ಹಲ್ಲು ಕಚ್ಚಿ ಕೇಳಿದ್ದಳು. ಆಗದೇ ಇದ್ದದ್ದು ಅಜ್ಜಿಗೆ ನೆನಪಾಗುತ್ತಿದೆ ಎನ್ನುವುದನ್ನು ಮಾತ್ರ ತಡೆಯಲಾಗಲಿಲ್ಲ.

"ಸುಮ್ನಿರಜ್ಜಿ!" ಎಂದು ಕೂಗಿದಳು. "ಅದು ನಿನಗೆ ಹೆಂಗೆ ನೆನಪಿರುತ್ತೆ? ಅದು ಆಗೇ ಇಲ್ಲ. ನೀನು ಕೈ ಒರೆಸ್ಕೊಂಡಿದ್ದೆ. ಒದ್ದೆ ಕೈ ಹಾಕಿದ್ದು ನಾನು. ನೀನು ಮಲಗಿದ್ಯಲ್ಲ, ಆವಾಗ. ಪೈಪಲ್ಲಿ ಆಡಿ ಬಂದು ಹೋಳು ತಗೊಂಡೆ."

ಎಲ್ಲರೂ ತುಂಗಮ್ಮನವರ ಕಡೆ ತಿರುಗಿದರು.

ವಿಶಾಲುವಿಗೆ ಮೊದಲು ಬಂದದ್ದು ಸಿಟ್ಟು. ನಾಲ್ಕು ಜನರ ಮುಂದೆ ಮರ್ಯಾದೆ ಹೋಯಿತು ಎಂಬ ಸಿಟ್ಟು. "ಅವತ್ತು ನಾನು ಕೇಳಿದಾಗ ಯಾಕೇ ಹೇಳ್ಲಿಲ್ಲ? ನನ್ನ ಹತ್ರ ಸುಳ್ಳು ಹೇಳಿದ್ಯಾ?"

"ಸುಳ್ಳು ಹೇಳ್ಲಿಲ್ಲಮ್ಮ. ಹೇಳಿದ್ದೆಲ್ಲ ನಿಜ. ಅದೊಂದು ಬಿಟ್ಟೆ."

"ಬಿಟ್ಟೆ ಅಂದ್ರೆ?"

"ನೀನು ಹಾಳೆ ಬಿಟ್ಟಂಗೆ."

"ಯಾವ ಹಾಳೆ?" ಎಂದಳು ವಿಶಾಲು. ಯಾವ ಹಾಳೆ ಎಂದು ಅವಳಿಗೆ ಆಗಲೇ ನೆನಪಾಗಿತ್ತು.

"ಹಾಲಪ್ಪ ನಾಯಕರು ತಪ್ಪಿಸ್ಕೊಂಡು ಹೋಗಿದ್ದು. ಎರಡು ಹಾಳೆ ಒಟ್ಟಿಗೆ ಮಗುಚಿದ್ಯಲ್ಲ. ನೀನು ಬಟ್ಟೆ ಒಣಗಿಹಾಕೋಕೆ ಹೋದಾಗ ನಾನೇ ಓದ್ಕೊಂಡೆ. ಕೇಳಿದ್ರೆ ನಿನಗೆ ಬೇಜಾರಾಗುತ್ತೆ ಅಂತ ಕೇಳ್ಲಿಲ್ಲ." ಹುಡುಗಿ ಬಿಕ್ಕುತ್ತಿದ್ದಳು. "ಒಳ್ಳೆಯವರ ಕಥೆ ಹೇಳೋವಾಗ ಅಂಥದ್ದನ್ನ ಬಿಡಬೇಕು ಅಂದ್ಕೊಂಡೆ. ನಾನೂ ಒಳ್ಳೆಯವಳೇ ಅಲ್ವೇನಮ್ಮ?"

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಎಲ್ಲರೂ ಎಷ್ಟು ಸಲ ಅಂದಿದ್ದರು! ಅದನ್ನು ಕೇಳಿ ವಿಶಾಲು ಹಿಗ್ಗುತ್ತಿದ್ದಳು. ಈಗ ನೆಲ ಬಾಯಿ ಬಿಟ್ಟು ನುಂಗಬಾರದೇ ಅನಿಸಿತು. ಮಗಳು ತನ್ನಿಂದ ಕಲಿತದ್ದು ನಾಯಕನ ಕುದುರೆಯನ್ನೂ ಅಲ್ಲ, ಕೆರೆಯನ್ನೂ ಅಲ್ಲ. ಹಾಳೆ ಮಗುಚುವುದನ್ನು ಕಲಿತಿದ್ದಳು.

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಾರದೆ ಚಾಪೆಯ ಅಂಚು ಕೀಳುತ್ತಿದ್ದರು. "ಮಕ್ಕಳು ಏನೇನೋ ಅಂತಾವೆ, ಬನ್ನಿ ಬನ್ನಿ, ಎಲೆ ಹಾಕ್ತೀನಿ, ಪಾಯಸ ಆರಿಹೋಗುತ್ತೆ" ಎಂಬ ಮಾತು ವಿಶಾಲುವಿನ ಬಾಯಿಯವರೆಗೆ ಬಂತು. ಅಂದುಬಿಟ್ಟಿದ್ದರೆ ಎಲ್ಲರಿಗೂ ನಿರಾಳವಾಗುತ್ತಿತ್ತು. ಎಲ್ಲರೂ ಎದ್ದು ಕೈತೊಳೆಯಲು ಹೋಗುತ್ತಿದ್ದರು. ಆದರೆ ಪ್ರಣತಿ ಅಳುವುದನ್ನು ನಿಲ್ಲಿಸಿ ತಾಯಿಯ ಕೈಯನ್ನೇ ನೋಡುತ್ತಿದ್ದಳು. ಆ ಕೈಯಲ್ಲಿ ಪುಸ್ತಕ ಇನ್ನೂ ಇತ್ತು.

ವಿಶಾಲು ಕೂತಳು. ಪುಸ್ತಕ ಬಿಚ್ಚಿದಳು. ದಿನಾ ಓದಿದ ಹಾಳೆಗಳ ಅಂಚಿನಲ್ಲೆಲ್ಲ ಅಡುಗೆಯ ಕೈಯ ಅರಿಶಿನದ ಕಲೆ ಇತ್ತು. ಆ ಎರಡು ಹಾಳೆಗಳು ಮಾತ್ರ ಅಚ್ಚುಕಟ್ಟಾಗಿ ಬಿಳಿಯಾಗಿದ್ದವು. ಅವಳು ಎಲ್ಲರ ಮುಂದೆ, ಗಟ್ಟಿಯಾಗಿ ಓದತೊಡಗಿದಳು.

'ಶತ್ರುಗಳು ಕೋಟೆಯನ್ನು ಮುತ್ತಿದಾಗ ನಾಯಕರು ತಮ್ಮ ಜನರನ್ನು ಒಳಗೆ ಬಿಟ್ಟು ಕಿರುಬಾಗಿಲಿನ ಅಗುಳಿಯನ್ನು ತಾವೇ ತೆಗೆದು ಹೊರಟುಹೋದರು. ಆ ಬಾಗಿಲಿನಿಂದಲೇ ಶತ್ರುಗಳು ಒಳನುಗ್ಗಿದರು. ನಾಯಕರು ಮುಂದೆ ಇದನ್ನು ಒಪ್ಪಿಕೊಳ್ಳದೆ, ಬಾಗಿಲು ಕಾಯುತ್ತಿದ್ದ ಕೆಂಚನು ಅಗುಳಿ ಹಾಕಲು ಮರೆತನೆಂದು ಡಂಗುರ ಸಾರಿಸಿದರು. ಕೆಂಚನು ವಯಸ್ಸಾದವನು. ಎಲ್ಲರೂ ಹಾಗೆನ್ನಲು, ತಾನು ಅಗುಳಿ ಹಾಕಿದ್ದೆನೋ ಇಲ್ಲವೋ ಎಂದು ಅವನಿಗೇ ಸಂಶಯ ಬಂದಿತು. ಕಡೆಗೆ ತಾನೇ ಮರೆತೆನೆಂದು ಸಭೆಯಲ್ಲಿ ನುಡಿದು, ಊರು ಬಿಟ್ಟು ಹೋದನು. ಎಲ್ಲಿ ಸತ್ತನೋ ತಿಳಿಯದು.'

ಓದುವಾಗ ವಿಶಾಲುವಿಗೆ ಒಳಕೋಣೆಯ ಚೀಲ ಕಾಣುತ್ತಿತ್ತು. ಅಂದು ಈ ಹಾಳೆಯನ್ನು ಓದಿದ್ದರೆ, ಬೂಷ್ಟು ಕಂಡ ದಿನ ಅತ್ತೆಯ ಕೈ ನೋಡುವ ಮುಂಚೆ ಕೆಂಚನ ನೆನಪು ಬರುತ್ತಿತ್ತೋ ಏನೋ.

ಎಲ್ಲರಿಗಿಂತ ಮೊದಲು ಮಾತನಾಡಿದವರು ತುಂಗಮ್ಮ.

"ಆ ಕೆಂಚಂಗೆ ಯಾರೂ ಹೇಳ್ಲೇ ಇಲ್ವೇನಮ್ಮ, ನೀನು ಅಗುಳಿ ಹಾಕಿದ್ದೆ ಅಂತ?"

"ಇಲ್ಲ ಅತ್ತೆ. ಯಾರೂ ಹೇಳ್ಲಿಲ್ಲ."

ತುಂಗಮ್ಮನವರು ಮಡಿಲಲ್ಲಿದ್ದ ತಮ್ಮ ಬಲಗೈಯನ್ನು ಎತ್ತಿ ಬೆಳಕಿಗೆ ಹಿಡಿದರು. ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ಕಣ್ಣಲ್ಲಿ ನೀರು ತುಂಬಿತ್ತು.

"ಹಂಗಾದ್ರೆ ನನ್ನ ಕೈ ಒಣಗಿತ್ತು," ಎಂದರು.

"ಒಣಗಿತ್ತು ಅತ್ತೆ," ಎಂದಳು ವಿಶಾಲು. ಎಲ್ಲರ ಮುಂದೆ ಅತ್ತೆಯ ಕಾಲು ಹಿಡಿದುಕೊಂಡಳು. "ಒರೆಸ್ಕೊಂಡಿದ್ರಿ. ನೀವು ಮರೆತಿರ್ಲಿಲ್ಲ. ತಪ್ಪಾಯ್ತು. ಅವಳದ್ದಕ್ಕಿಂತ ನಂದು ದೊಡ್ಡದು."

ತುಂಗಮ್ಮನವರು ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಪ್ರಣತಿ ಅವರ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಬಂದವರು ಊಟ ಮಾಡಿದರು, ಯಾರೂ ಪಾಯಸವನ್ನು ಹೊಗಳಲಿಲ್ಲ. ಹೊರಡುವಾಗ ಅನಸೂಯ ಬಾಗಿಲಲ್ಲಿ ನಿಂತು ಮೆಲ್ಲಗೆ, "ನಾವೂ ಎಷ್ಟೋ ಹಾಳೆ ಬಿಟ್ಟಿದ್ದೀವಿ ಕಣ್ರೀ" ಎಂದಳು. ವಿಶಾಲುವಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಸೋಮವಾರ ತುಂಗಮ್ಮನವರು ತಿಪಟೂರಿಗೆ ಹೋಗಲಿಲ್ಲ. ಚೀಲವನ್ನು ಪ್ರಣತಿಯೇ ಬಿಚ್ಚಿ, ಅಜ್ಜಿಯ ಸೀರೆಗಳನ್ನು ಬೀರುವಿನಲ್ಲಿ ಜೋಡಿಸಿದಳು. ದೇವರ ದೀಪ ಹಚ್ಚುವುದು, ಬತ್ತಿ ಹೊಸೆಯುವುದು ನಿಧಾನವಾಗಿ ಅವರ ಕೈಗೆ ಮರಳಿತು. ಮಧ್ಯಾಹ್ನದ ಪಾಠ ಮೊದಲಿನಂತೆಯೇ ನಡೆಯಿತು. ತಾಯಿ ಓದುವುದು, ಮಗಳು ಹೇಳುವುದು. ಒಂದೇ ವ್ಯತ್ಯಾಸ. ಬಾಯಿ ಕಹಿಯಾಗುವ ಜಾಗ ಬಂದರೆ ವಿಶಾಲು ತಡವರಿಸುವಳು, ಒಂದು ಲೋಟ ನೀರು ಕುಡಿಯುವಳು, ಮತ್ತೆ ಅದನ್ನೇ ಓದುವಳು. ಪ್ರಣತಿ ಹಾಲಪ್ಪ ನಾಯಕನನ್ನು ಬಿಡಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋದಾಗ ಪ್ರತಿಮೆಯನ್ನು ನೋಡಿ, "ಕೆರೆ ಕಟ್ಟಿಸಿದ್ರು. ಕೆಂಚನಿಗೆ ಮೋಸಾನೂ ಮಾಡಿದ್ರು" ಎಂದು ಎರಡನ್ನೂ ಹೇಳುತ್ತಿದ್ದಳು.

ಮುಂದಿನ ಬೇಸಗೆಯಲ್ಲಿ ವಿಶಾಲು ತಾನೇ ಅಟ್ಟದಿಂದ ಭರಣಿ ಇಳಿಸಿ ಅತ್ತೆಯ ಮುಂದಿಟ್ಟಳು. ತುಂಗಮ್ಮನವರು ಕಾಯಿ ಆರಿಸಿದರು, ಒರೆಸಿದರು, ಮೆಂತ್ಯ ಹುರಿದರು, ಭರಣಿ ತುಂಬಿ ಬಟ್ಟೆ ಕಟ್ಟಿದರು. ಎಲ್ಲವೂ ಮೊದಲಿನಂತಾಯಿತು ಎಂದು ಬರೆದುಬಿಟ್ಟರೆ ಓದುವವರಿಗೂ ಹಿತ, ನನಗೂ ಹಿತ. ಆದರೆ ಹಾಳೆ ಬಿಡಬಾರದು ಎಂದು ಕಥೆ ಹೇಳಹೊರಟು ನಾನೇ ಬಿಡುವುದು ಹೇಗೆ? ಎಲ್ಲವೂ ಮೊದಲಿನಂತೆ ಆಗಲಿಲ್ಲ. ಇವತ್ತಿಗೂ ತುಂಗಮ್ಮನವರು ಭರಣಿಯ ಬಟ್ಟೆ ಬಿಚ್ಚುವ ಮುಂಚೆ ಕೈಯನ್ನು ಸೆರಗಿಗೆ ಒರೆಸಿ, ಬಿಸಿಲಿಗೆ ಹಿಡಿದು, ಮತ್ತೆ ಒರೆಸಿ, ಆಮೇಲೆ ಆ ಕೈಯನ್ನು ಸೊಸೆಯ ಮುಂದೆ ಚಾಚುತ್ತಾರೆ.

"ನೋಡಮ್ಮ, ಒಣಗಿದ್ಯಾ?"

"ಒಣಗಿದೆ ಅತ್ತೆ," ಎನ್ನುತ್ತಾಳೆ ವಿಶಾಲು. ಪ್ರತಿ ಸಲವೂ ಅವಳು ತಲೆ ತಗ್ಗಿಸಿಯೇ ಹೇಳುತ್ತಾಳೆ.

ನೀತಿ: ಮಕ್ಕಳಿಗೆ ಚರಿತ್ರೆ ಕಲಿಸಲು ಒಂದು ಒಳ್ಳೆಯ ಪುಸ್ತಕ, ಓದುವ ದನಿ, ಕೇಳುವ ಕಿವಿ ಇಷ್ಟಿದ್ದರೆ ಸಾಕು. ಆದರೆ ಓದುವವರು ಹಾಳೆ ಬಿಡಬಾರದು. ಹೇಳದೆ ಬಿಟ್ಟ ನಿಜವೂ ಸುಳ್ಳೇ. ನಾವು ನಾಚಿಕೆಗೆ ಅಂಜಿ ಮಗುಚಿದ ಹಾಳೆಯ ಭಾರವನ್ನು ಏನೂ ತಪ್ಪು ಮಾಡದವರು ಹೊರಬೇಕಾಗುತ್ತದೆ.